ಕರೀಂಸಾಬರ ಕೇಬಲ್ಲಿನಲ್ಲಿ ತಪ್ಪಿರಲಿಲ್ಲ

ಸೂಗಮ್ಮ ಕಲಬುರಗಿಯ ಖೂಬಾ ಪ್ಲಾಟಿನಲ್ಲಿದ್ದ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಳು. ಲ್ಯಾಬಿನ ಜವಾಬ್ದಾರಿಯೂ ಅವಳದೇ. 2008ರ ಆ ಮಳೆಗಾಲದಲ್ಲಿ ಅವಳಿಗೆ ಮೂವತ್ತೊಂದು ವರ್ಷ. ಯಂತ್ರಗಳ ವಿಷಯದಲ್ಲಿ ತನಗೆ ಗೊತ್ತಿಲ್ಲ ಎಂದು ಯಾರ ಎದುರೂ ಅಂದವಳಲ್ಲ.

ಹುಡುಗರಿಗೆ ಸರ್ವರ್ ನಡೆಸುವುದನ್ನು ಕಲಿಸಬೇಕಿತ್ತು. ಅದಕ್ಕೆ ಬೇರೆ ಯಂತ್ರ ಇರಲಿಲ್ಲವಾದ್ದರಿಂದ ತನ್ನ ಮೇಜಿನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಹಾಕಿದಳು. ಪರದೆಯ ಮೇಲೊಂದು ಕಿಟಕಿ, ಅದರೊಳಗೆ ಬೇರೆಯೇ ಒಂದು ವರ್ಚುವಲ್ ಮಷಿನ್. ಈ ಒಳಗಿನ ಯಂತ್ರಕ್ಕೆ ನೆಟ್‌ವರ್ಕ್ ಹೇಗೆ ಕೊಡಬೇಕೆಂದು ಸಾಫ್ಟ್‌ವೇರ್ ಕೇಳಿತು. ಹೊರಗೆ ಎಲ್ಲೂ ಹೋಗದಂತೆ ಒಳಗೇ ಇಡಬಹುದು. ಇಲ್ಲವೇ ಮೇಜಿನ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡನ್ನೇ ಅದಕ್ಕೂ ಬಿಟ್ಟುಕೊಡಬಹುದು. ಹಾಗೆ ಬಿಟ್ಟುಕೊಟ್ಟರೆ ಅದು ಕಾಲೇಜಿನ ಕೇಬಲ್ಲಿಗೆ ನೇರವಾಗಿ ಸೇರಿದ ಇನ್ನೊಂದು ಕಂಪ್ಯೂಟರ್ ಆದಂತೆಯೇ. ಇಂಟರ್‌ನೆಟ್ ಬರಲಿ ಎಂದು ಸೂಗಮ್ಮ ಎರಡನೆಯದನ್ನು ಆರಿಸಿದಳು. ಆ ಯಂತ್ರದಲ್ಲಿ, ಕೇಳಿದ ಕಂಪ್ಯೂಟರಿಗೆಲ್ಲ ವಿಳಾಸದ ಸಂಖ್ಯೆ ಹಂಚುವ ಒಂದು ಸೇವೆಯನ್ನೂ ಪಾಠಕ್ಕೆಂದು ಚಾಲೂ ಮಾಡಿಟ್ಟಿದ್ದಳು. ಅದು ಮರೆತೇಹೋಗಿತ್ತು.

ಸೋಮವಾರ ಕಾಲೇಜಿನ ಕಂಪ್ಯೂಟರುಗಳಲ್ಲಿ ಇಂಟರ್‌ನೆಟ್ ಕೈಕೊಡತೊಡಗಿತು. ಒಂದರಲ್ಲಿ ಬಂದರೆ ಇನ್ನೊಂದರಲ್ಲಿ ಇಲ್ಲ. ಪರೀಕ್ಷೆಯ ಅರ್ಜಿ ತುಂಬಲು ಗುರುವಾರ ಕೊನೆಯ ದಿನ. ಆಫೀಸಿನ ಮುಂದೆ ಹುಡುಗ ಹುಡುಗಿಯರ ಸಾಲು ಗೇಟಿನವರೆಗೆ ಬೆಳೆಯಿತು. ಪ್ರಿನ್ಸಿಪಾಲ್ ದೇವೀಂದ್ರಪ್ಪನವರು ಕರೀಂಸಾಬರನ್ನು ಕರೆಸಿದರು.

ಕರೀಂಸಾಬರು ಕಮಲಾಪುರದವರು, ಐವತ್ತೈದರ ಆಸುಪಾಸು. ಮೊದಲು ಟೆಲಿಫೋನ್ ತಂತಿ ಎಳೆಯುತ್ತಿದ್ದರು, ಆಮೇಲೆ ನೆಟ್‌ವರ್ಕ್ ಕೇಬಲ್ ಕೆಲಸ ಕಲಿತರು. ಕಾಲೇಜಿನ ಕೇಬಲ್ಲೆಲ್ಲ ಅವರು ಎಳೆದದ್ದೇ. ಅವರು ಎರಡು ದಿನ ಒಂದೊಂದೇ ಕೇಬಲ್ ಪರೀಕ್ಷಿಸಿದರು. ಟೆಸ್ಟರಿನ ದೀಪಗಳೆಲ್ಲ ಸರಿಯಾಗಿ ಹತ್ತಿದವು. ಸಂಜೆ ಲ್ಯಾಬ್ ಬಂದ್ ಆದ ಮೇಲೆ ಆಫೀಸಿನಲ್ಲಿ ಎಲ್ಲ ಸರಿಯಿರುತ್ತಿತ್ತು. ಬೆಳಿಗ್ಗೆ ಸೂಗಮ್ಮ ಬಂದು ತನ್ನ ಕಂಪ್ಯೂಟರ್ ಹಚ್ಚಿದ ಮೇಲೆ ಮತ್ತೆ ಅದೇ ಗೋಳು. ಕೇಬಲ್ಲಿನ ತುದಿಗಳನ್ನು ಕತ್ತರಿಸಿ ಅವರು ಹೊಸದಾಗಿ ಕೂಡಿಸತೊಡಗಿದರು. ತಮ್ಮ ಕಣ್ಣೇ ಮಂದ ಆಗಿರಬೇಕು, ಬಣ್ಣದ ತಂತಿ ಹಿಂದುಮುಂದಾಗಿರಬೇಕು ಎಂದು ಸೂಗಮ್ಮನ ಹತ್ತಿರ ಕ್ಷಮೆ ಕೇಳಿದರು.

ಬುಧವಾರ ಮಧ್ಯಾಹ್ನ ಇಂಟರ್‌ನೆಟ್ ಬಾರದ ಒಂದು ಕಂಪ್ಯೂಟರಿನ ವಿಳಾಸವನ್ನು ಸೂಗಮ್ಮ ತೆರೆದು ನೋಡಿದಳು. ಅಲ್ಲಿದ್ದದ್ದು ಕಾಲೇಜಿನ ಸಂಖ್ಯೆಯಲ್ಲ, ಪಾಠಕ್ಕೆಂದು ತಾನೇ ಬರೆದಿಟ್ಟ ಸಂಖ್ಯೆ. ಅವಳ ಕಿವಿ ಬಿಸಿಯಾಯಿತು. ಮೂರು ದಿನದಿಂದ ಕಾಲೇಜಿಗೆಲ್ಲ ಇಂಟರ್‌ನೆಟ್ಟಿಗೆ ದಾರಿಯೇ ಇಲ್ಲದ ಸುಳ್ಳು ವಿಳಾಸ ಹಂಚುತ್ತಿದ್ದದ್ದು ತನ್ನ ವರ್ಚುವಲ್ ಮಷಿನ್. ಸುಮ್ಮನೆ ಮೇಜಿಗೆ ಹೋಗಿ ಆ ಕಿಟಕಿಯನ್ನು ಮುಚ್ಚಿದಳು. ಎಲ್ಲ ಕಂಪ್ಯೂಟರುಗಳನ್ನು ಒಮ್ಮೆ ಬಂದ್ ಮಾಡಿ ಹಚ್ಚಲು ಹುಡುಗರಿಗೆ ಹೇಳಿದಳು. ಹತ್ತು ನಿಮಿಷದಲ್ಲಿ ಎಲ್ಲ ಕಡೆ ಇಂಟರ್‌ನೆಟ್ ಬಂತು.

ಅದೇ ಹೊತ್ತಿಗೆ ಕರೀಂಸಾಬರು ಲ್ಯಾಬಿನ ಮೂಲೆಯಲ್ಲಿ ಏಣಿಯ ಮೇಲೆ ನಿಂತು ಒಂದು ಕೇಬಲ್ಲಿಗೆ ಹೊಸ ತುದಿ ಹಾಕಿ ಮುಗಿಸಿದ್ದರು. ಬಂತು ಎಂಬ ಗದ್ದಲ ಕೇಳಿ ನಗುತ್ತ ಕೆಳಗಿಳಿದರು. ಒಳಗೆ ಬಂದ ದೇವೀಂದ್ರಪ್ಪನವರು ಮಾತ್ರ ನಗಲಿಲ್ಲ. ಮೂವತ್ತು ವಿದ್ಯಾರ್ಥಿಗಳ ಎದುರು, ಇವರ ಒಂದು ಹಾಳು ಜೋಡಣೆಯಿಂದ ಇಡೀ ಕಾಲೇಜು ಮೂರು ದಿನ ನಿಂತಿತು, ವಯಸ್ಸಾದ ಮೇಲೆ ಮನೆಯಲ್ಲಿ ಕೂಡಬೇಕು ಎಂದರು. ಆಮೇಲೆ ಸೂಗಮ್ಮನ ಕಡೆ ತಿರುಗಿದರು.

"ಕೇಬಲ್ದೇ ತಪ್ಪಿತ್ತಲ್ಲ ಮೇಡಂ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕರೀಂಸಾಬರೂ ನೋಡಿದರು.

"ಇರಬಹುದ್ರಿ ಸರ್," ಅಂದಳು.

ಕರೀಂಸಾಬರು ಕತ್ತರಿಸಿದ ತುಂಡುಗಳನ್ನು ನೆಲದಿಂದ ಆರಿಸಿ ಚೀಲಕ್ಕೆ ಹಾಕಿಕೊಂಡು ಹೋದರು. ಕಾಲೇಜು ಕಟ್ಟಿಸುತ್ತಿದ್ದ ಹೊಸ ಕಟ್ಟಡದ ಕೇಬಲ್ ಕೆಲಸ ಅವರಿಗೇ ಎಂದಾಗಿತ್ತು, ಅದೂ ಕೈತಪ್ಪಿತು.

ಸೂಗಮ್ಮ ತಪ್ಪು ಸರಿಪಡಿಸಿದಳು. ಒಳಗಿನ ಯಂತ್ರವನ್ನು ಒಳಗೇ ಇಟ್ಟಳು. ಆದರೆ ಶಹಾಬಜಾರದ ತನ್ನ ಮನೆಯಲ್ಲಿ ಅನ್ನದ ಮುಂದೆ ಕೂತರೆ ತನ್ನ ಆ ಒಂದು ಮಾತೇ ಕೇಳಿಸುತ್ತಿತ್ತು. ಹೇಳಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದಳು. ಒಂದು ದಿನ ತಡವಾದಷ್ಟೂ ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಹೀಗೆ ಮೂರು ವಾರ ಕಳೆದವು. ಕಮಲಾಪುರದಿಂದ ಬರುತ್ತಿದ್ದ ಮಲ್ಕಮ್ಮ ಎಂಬ ವಿದ್ಯಾರ್ಥಿನಿ ಒಂದು ದಿನ ಮಾತಿನ ನಡುವೆ, ಕರೀಂಸಾಬರು ಕಣ್ಣು ತೋರಿಸಿಕೊಂಡು ಬಂದರು, ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರೂ ನಂಬಿಲ್ಲ, ಕೇಬಲ್ ಕೆಲಸವನ್ನೇ ಬಿಟ್ಟಿದ್ದಾರೆ ಎಂದಳು.

ಆ ಭಾನುವಾರ ಸೂಗಮ್ಮ ಕಮಲಾಪುರದ ಬಸ್ಸು ಹತ್ತಿದಳು.

ಕರೀಂಸಾಬರು ಅಂಗಳದಲ್ಲಿ ಕೂತು ಹಳೆಯ ಮೋಟರೊಂದಕ್ಕೆ ತಂತಿ ಸುತ್ತುತ್ತಿದ್ದರು. ಅವಳನ್ನು ನೋಡಿ ಎದ್ದು ಕುರ್ಚಿ ತಂದಿಟ್ಟರು, ಚಹಾಕ್ಕೆ ಹೇಳಿದರು. ಅವಳು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದಳು: ಒಳಗಿನ ಯಂತ್ರ, ಅದಕ್ಕೆ ಬಿಟ್ಟುಕೊಟ್ಟ ನೆಟ್‌ವರ್ಕ್ ಕಾರ್ಡ್, ಸುಳ್ಳು ವಿಳಾಸ, ತಾನು ಮುಚ್ಚಿದ ಕಿಟಕಿ. ಅವರು ನಡುವೆ ಎರಡು ಸಲ ತಡೆದು, ಅದು ಹೇಗಾಗುತ್ತದೆ ಎಂದು ಕೇಳಿ ತಿಳಿದುಕೊಂಡರು.

"ಅಂದ್ರ ನನ್ನ ಕೇಬಲ್ ಸರಿ ಇತ್ತು?"

"ಸರಿ ಇತ್ತು ಚಾಚಾ. ಎಲ್ಲಾ ಸರಿ ಇತ್ತು."

ಅವರು ತಮ್ಮ ಅಂಗೈ ನೋಡಿಕೊಂಡರು. ಸೂಗಮ್ಮ ಕ್ಷಮಿಸಿ ಎಂದಳು.

"ಇಲ್ಲಿ ಬಂದು ನನಗ ಹೇಳೋದು ಸಸಾರ ಅದ ರೀ ಮೇಡಂ," ಎಂದರು ಕರೀಂಸಾಬರು. ದನಿ ಏರಿರಲಿಲ್ಲ. "ನನಗ ಬೈದಿದ್ದು ಆ ಹುಡುಗರ ಮುಂದ. ಅದ್ರಾಗ ಮೂರು ಮಂದಿ ನಮ್ಮ ಊರಿನವರು ಅದಾರ. ಊರಿಗೆಲ್ಲ ಗೊತ್ತಾಗ್ಯಾದ. ಹೇಳೋದಿದ್ರ ಅವರ ಮುಂದ ಹೇಳ್ರಿ."

ಚಹಾ ಬಂತು. ಅವರು ಕುಡಿಯಿರಿ ಎಂದರು, ಅವಳು ಕುಡಿದಳು. ಅದರ ರುಚಿ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲು ದೇವೀಂದ್ರಪ್ಪನವರಿಗೆ ಹೇಳಿದಳು. ಅವರು ಬಾಗಿಲು ಮುಚ್ಚಿಸಿದರು. ಆಗಿದ್ದು ಆಗಿಹೋಗಿದೆ, ಕಾಲೇಜಿನ ಹೆಸರು ಕೆಡುತ್ತದೆ, ಮಕ್ಕಳ ಎದುರು ಇದನ್ನು ಎತ್ತಬಾರದು ಎಂದರು. ಸೂಗಮ್ಮ ನೇರ ಲ್ಯಾಬಿಗೆ ಹೋಗಿ ಮೂವತ್ತು ಮಂದಿಯ ಎದುರು ನಿಂತಳು. ಬೋರ್ಡಿನ ಮೇಲೆ ಒಂದರೊಳಗೊಂದು ಎರಡು ಚೌಕ ಬರೆದು, ತಾನು ಎಲ್ಲಿ ತಪ್ಪು ಮಾಡಿದೆ ಎಂಬುದನ್ನು ಪಾಠದಂತೆಯೇ ಬಿಡಿಸಿ ಹೇಳಿದಳು. ಕರೀಂಸಾಬರ ಕೇಬಲ್ಲಿನಲ್ಲಿ ಏನೂ ತಪ್ಪಿರಲಿಲ್ಲ ಎಂದಳು.

ಹಿಂದಿನ ಬೆಂಚಿನಿಂದ ಮಲ್ಕಮ್ಮ ಎದ್ದಳು. "ಆವತ್ತೇ ಯಾಕ ಹೇಳಲಿಲ್ರೀ ಮೇಡಂ? ನಿಮಗ ಗೊತ್ತಿತ್ತಲ್ಲ."

"ಗೊತ್ತಿತ್ತು," ಎಂದಳು ಸೂಗಮ್ಮ. "ನಿಮ್ಮ ಮುಂದ ಸಣ್ಣಾಕಿ ಆಗ್ತೀನಂತ ಅಂಜಿದೆ. ಅವರನ್ನ ಸಣ್ಣವರನ್ನ ಮಾಡಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಲ್ಯಾಬಿನ ಜವಾಬ್ದಾರಿ ಆ ವಾರವೇ ಬೇರೆಯವರಿಗೆ ಹೋಯಿತು. ಸೂಗಮ್ಮನಿಗೆ ಬರೀ ಪಾಠ ಉಳಿಯಿತು. ಹೊಸ ಕಟ್ಟಡದ ಕೆಲಸ ಕರೀಂಸಾಬರಿಗೆ ಮರಳಿ ಸಿಗಲಿಲ್ಲ. ಅದು ಆಗಲೇ ಬೇರೆಯವರ ಪಾಲಾಗಿತ್ತು. ಆದರೆ ದೀಪಾವಳಿ ಕಳೆದ ಮೇಲೆ ಅವರು ಗಾಜಿಪುರ ಬಡಾವಣೆಯ ಒಂದು ಆಫೀಸಿನಲ್ಲಿ ಕೇಬಲ್ ಎಳೆಯುತ್ತಿರುವುದನ್ನು ಅವಳು ರಸ್ತೆಯಿಂದ ಕಂಡಳು. ಏಣಿಯ ಮೇಲಿದ್ದರು, ಕನ್ನಡಕವಿರಲಿಲ್ಲ. ಒಳಗೆ ಹೋಗಿ ಮಾತಾಡಿಸಬೇಕು ಅನ್ನಿಸಿತು. ಅವರು ತಿರುಗಿ ನೋಡುವ ಮೊದಲೇ ಸೆರಗು ಸರಿಮಾಡಿಕೊಂಡು ಬೇಗ ಬೇಗ ಮುಂದೆ ನಡೆದಳು.