ಸಣ್ಣ ಕಾರಿನ ಬ್ಯಾಟರಿ

ಕೀಲಿ ತಿರುಗಿಸಿದರೆ ಕಾರು ಕೆಮ್ಮಲೂ ಇಲ್ಲ. ನರ್ಸಮ್ಮ ಇಳಿದು ಬಾನೆಟ್ ಎತ್ತಿದಳು. ಬ್ಯಾಟರಿ ಇರಬೇಕಾದ ಜಾಗ ಹಲ್ಲು ಕಿತ್ತ ವಸಡಿನಂತೆ ಖಾಲಿ. ಗಂಟೆ ಎಂಟು. ಎಂಟೂವರೆಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಹುದ್ದೆಗೆ ಸಂದರ್ಶನ. ಹದಿನಾಲ್ಕು ವರ್ಷ ಕಾದ ಹುದ್ದೆ.

ಆಗ ಅವಳಿಗೆ ಬಂದ ಕೋಪವಿದೆಯಲ್ಲ, ಅದನ್ನು ಒಲೆಗೆ ಹಾಕಿದ್ದರೆ ಇಡೀ ಬೀದಿಗೆ ಒಂದು ವಾರ ಸ್ನಾನದ ನೀರು ಕಾಯುತ್ತಿತ್ತು. ಅವಳು ಶೆಡ್ಡಿನ ಬಾಗಿಲು ತಳ್ಳಿದ ರಭಸಕ್ಕೆ ಮೂರು ಮನೆ ಆಚೆಯ ಮುದುಕರು ಭೂಕಂಪವೆಂದು ಮಂಚದಡಿ ಸೇರಿದರು. ನಂಬುವವರು ನಂಬಲಿ.

ಒಳಗೆ ಯಜಮಾನರು ಬಟ್ಟೆ ಹಿಡಿದು ನಿಂತಿದ್ದರು. ಬೀದಿಯವರು ಇಟ್ಟ ಹೆಸರು ರೇಸ್ ರಾಯರು. ಅವರ ಕೆಂಪು ಕಾರು ಎರಡೇ ಸೀಟಿನದು, ಐವತ್ತು ವರ್ಷ ಹಳೆಯದು. ಮನೆಗೆ ಬಂದ ಏಳು ವರ್ಷದಲ್ಲಿ ಅದು ಓಡಿದ್ದಕ್ಕಿಂತ ಅದನ್ನು ಒರೆಸುತ್ತ ರಾಯರು ಸುತ್ತಿದ ದೂರವೇ ಹೆಚ್ಚು. ಇವತ್ತು ಹಳೇ ಕಾರುಗಳ ಮೆರವಣಿಗೆ.

"ನನ್ನ ಬ್ಯಾಟರಿ ಎಲ್ಲಿ?"

"ಇದಕ್ಕೆ ಹಾಕಿದೀನಿ ಕಣೇ. ಇದರದ್ದು ಸತ್ತುಹೋಗಿತ್ತು. ಹೇಗೂ ನಿಂಗಿವತ್ತು ರಜಾ ಅಲ್ವಾ?"

"ರಜಾನಾ? ಇವತ್ತು ಇಂಟರ್‌ವ್ಯೂ ಅಂತ ಎಷ್ಟು ಸಲ ಬಡ್ಕೊಂಡೆ ರೀ! ಗೋಡೆಗೆ ಹೇಳಿದ್ರೆ ಅದಾದ್ರೂ ಹೂಂ ಅಂತಿತ್ತು."

ರಾಯರು ತಲೆ ಕೆರೆದುಕೊಂಡರು. "ಇವತ್ತಾ ಅದು? ಇರ್ಲಿ ಬಿಡು, ಇದರಲ್ಲೇ ಬಿಡ್ತೀನಿ. ರಾಣಿ ಥರ ಇಳಿಯುವೆಯಂತೆ. ಆ ನಿನ್ನ ಡಬ್ಬಿಯಲ್ಲಿ ಹೋದ್ರೆ ಯಾರು ತಿರುಗಿ ನೋಡ್ತಾರೆ? ಇದು ಹುಲಿ ಕಣೇ, ಅದು ಹೊಲಿಗೆ ಮಿಷನ್ನು. ಹತ್ತು ನಿಮಿಷ, ಕಾರ್ಬುರೇಟರ್ ಒಂದು ಕೂಡಿಸಿಬಿಡ್ತೀನಿ."

ಕಾರ್ಬುರೇಟರ್ ಇಪ್ಪತ್ತು ತುಂಡಾಗಿ ನೆಲಕ್ಕೆ ಹಾಸಿದ ಹಳೇ ಪೇಪರಿನ ಮೇಲೆ ಹರಡಿತ್ತು.

"ಹುಲಿಯಂತೆ, ಹುಲಿ! ನಿಮ್ಮಮ್ಮನ್ನ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗಿದ್ದು ಯಾವುದು ರೀ? ಆ ಹೊಲಿಗೆ ಮಿಷನ್ನೇ. ಎರಡು ವರ್ಷ, ಒಂದು ದಿನ ಕೈಕೊಡಲಿಲ್ಲ. ಆಗ ಈ ಹುಲಿ ಎಲ್ಲಿತ್ತು? ಮುಸುಕು ಹೊದ್ಕೊಂಡು ಮಲಗಿತ್ತು!"

"ಅಮ್ಮನ ಸುದ್ದಿ ಈಗ್ಯಾಕೆ..."

ಅವಳು ಸ್ಪ್ಯಾನರ್ ಎತ್ತಿಕೊಂಡು ಹುಲಿಯ ಹೊಟ್ಟೆಗೆ ಕೈ ಹಾಕಿದಳು. ಏಳು ವರ್ಷ ಗಂಡನಿಗೆ ಟಾರ್ಚ್ ಹಿಡಿದವಳು; ಯಾವ ಬೋಲ್ಟ್ ಎತ್ತ ತಿರುಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೆರವಣಿಗೆಗೆ ನನ್ನ ಹೆಸರು ಕೂಗ್ತಾರೆ ಕಣೇ! ಎಲ್ಲರೆದುರು ಮರ್ಯಾದೆ ಹೋಗುತ್ತೆ."

"ಹೋಗ್ಲಿ. ನಡ್ಕೊಂಡಾದ್ರೂ ಹೋಗ್ಲಿ."

"ಭಾರ ಇದೆ, ಕೊಡು ಇಲ್ಲಿ, ನಾನೆತ್ತುತ್ತೀನಿ."

"ಮುಟ್ಟಬೇಡಿ."

ತಕ್ಕಡಿ ಹನ್ನೆರಡು ಕಿಲೋ ಅನ್ನಬಹುದು. ಅವಳ ಸೊಂಟವನ್ನು ಕೇಳಿದರೆ ನಲವತ್ತಕ್ಕೆ ಕಡಿಮೆಯಿಲ್ಲ. ಇಸ್ತ್ರಿ ಮಾಡಿದ ಬಿಳಿ ಕೋಟಿಗೆ ಬ್ಯಾಟರಿಯನ್ನು ಅವುಚಿಕೊಂಡು ಬಂದು, ಜೋಡಿಸಿ, ಬಾನೆಟ್ ಬಡಿದಳು. ಸಣ್ಣ ಕಾರು ಒಂದೇ ಸಲಕ್ಕೆ ಎದ್ದಿತು. ರಾಯರು ಗೇಟಿನವರೆಗೆ ಹಿಂದೆಯೇ ಓಡಿಬಂದು ಏನೋ ಹೇಳಿದರು. ಅವಳು ಗಾಜು ಇಳಿಸಲಿಲ್ಲ.

ಎರಡು ನಿಮಿಷ ತಡ. ಮೇಜಿನಾಚೆ ಮೂವರು ಕೂತಿದ್ದರು. ದೊಡ್ಡ ಡಾಕ್ಟರು ಅವಳ ಕೋಟಿನ ಕರೀ ಪಟ್ಟೆ ನೋಡಿದರು, ಆಮೇಲೆ ಉಗುರುಗಳನ್ನು.

"ಕೈ ತೊಳ್ಕೊಂಡು ಬರ್ತೀರಾ ಸಿಸ್ಟರ್? ಕಾಯ್ತೀವಿ."

"ಬೇಡ ಸಾರ್."

ಅವಳು ಕುರ್ಚಿಯನ್ನು ಮುಂದಕ್ಕೆಳೆದು ಕೂತಳು. ಎರಡೂ ಕೈಗಳನ್ನು ಬಿಳಿ ಮೇಜುಬಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ ಊರಿದಳು.

"ಕೇಳಿ."