ಬಾಟಲಿ ನೀರಿನ ನೊರೆ

"ಆ ಕ್ಯಾನ್ ಮುಟ್ಬೇಡಿ ವೆಲಿಟಾ, ಬಾಟಲಿ ನೀರೇ ಹಾಕಿ," ಎಂದ ನಿತೇಶ್, ಬಾಯಲ್ಲಿದ್ದ ಸಮೋಸಾ ನುಂಗದೆ. ಲ್ಯಾಬಿನ ಬೆಂಚಿನ ಮೇಲೆಯೇ ತಿನ್ನುವ ಈ ಮ್ಯಾನೇಜರನನ್ನು ಕಂಡರೆ ಅವಳಿಗೆ ಮೊದಲೇ ಆಗುತ್ತಿರಲಿಲ್ಲ. ಅವನು ಎಣ್ಣೆಗೈಯಲ್ಲೇ ತಂದಿಟ್ಟ ಕುಡಿಯುವ ನೀರಿನ ಬಾಟಲಿಗಳನ್ನು ಒರೆಸಿ ತೊಟ್ಟಿಗೆ ಸುರಿದಳು.

ಗಲ್ಫಿನ ಶುಐಬಾ ಬಂದರಿನಲ್ಲಿ ಏಳಲಿದ್ದ ಕಾರ್ಖಾನೆಯೊಂದು, ತಾಮ್ರ ಕರಗಿಸಿದ ಮೇಲೆ ಉಳಿಯುವ ಕಿಟ್ಟವನ್ನು ಹಡಗಿನಲ್ಲಿ ತರಿಸಿ ಪುಡಿ ಮಾಡಿ, ನೀರಲ್ಲಿ ಕಲಸಿ, ಗಾಳಿಗುಳ್ಳೆ ಎಬ್ಬಿಸಿ ಅದರೊಳಗಿನ ತಾಮ್ರವನ್ನು ನೊರೆಯಲ್ಲಿ ತೇಲಿಸಲಿತ್ತು. ಎಷ್ಟು ತಾಮ್ರ ಸಿಕ್ಕೀತೆಂದು ಮುಂಚಿತವಾಗಿ ಹೇಳುವುದು ಈ ಲ್ಯಾಬಿನ ಕೆಲಸ. ಇಲ್ಲಿರುವುದು ಬಕೆಟ್ಟಿಗಿಂತ ಚಿಕ್ಕ ತೊಟ್ಟಿ. ಎದ್ದ ನೊರೆಯನ್ನೆಲ್ಲ ವೆಲಿಟಾ ಕೈಯಾರೆ ಬಳಿದುಕೊಳ್ಳುತ್ತಾಳೆ. ಕಾರ್ಖಾನೆಯ ತೊಟ್ಟಿ ಮನೆಯಷ್ಟು ದೊಡ್ಡದು, ನೊರೆ ಅಂಚು ತಲುಪುವಷ್ಟರಲ್ಲಿ ಎಷ್ಟೋ ಗುಳ್ಳೆ ಒಡೆದಿರುತ್ತದೆ. ಮೇಲಾಗಿ ಅಲ್ಲಿ ಬಳಸುವುದು ಸಮುದ್ರದ ನೀರು, ಅದರಲ್ಲಿ ತಾಮ್ರ ಅಷ್ಟಾಗಿ ತೇಲುವುದಿಲ್ಲ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು ಅವಳು ಕೊಟ್ಟ ಅಂದಾಜನ್ನು ನಿತೇಶ್ ಕಡಿಮೆಯಾಯಿತೆಂದು ವಾಪಸು ಕಳಿಸಿದ್ದ.

ಕಾರ್ಖಾನೆಯ ಎಂಜಿನಿಯರ್ ಮುತ್ತಲಿಬ್ ಪರೀಕ್ಷೆ ನೋಡಲು ಬಂದಾಗ ನೊರೆ ಹೊಳೆಹೊಳೆಯುತ್ತ ಉಕ್ಕುತ್ತಿತ್ತು.

"ನಮ್ಮಲ್ಲೂ ಇಷ್ಟೇ ಬರುತ್ತದೋ?" ಇಂಗ್ಲಿಷಿನಲ್ಲಿ ಕೇಳಿದ.

"ಇಷ್ಟೇ ಸರ್," ಎಂದ ನಿತೇಶ್.

ವೆಲಿಟಾ ಯಂತ್ರ ನಿಲ್ಲಿಸಿದಳು. ತೊಟ್ಟಿ ಬರಿದು ಮಾಡಿ, ಹೊಸ ಪುಡಿ ಸುರಿದು, ಕ್ಯಾನಿನಲ್ಲಿದ್ದ ಸಮುದ್ರದ ನೀರು ಹೊಯ್ದಳು.

"ಏನ್ರೀ ಇದು?" ನಿತೇಶ್ ನಗುಮುಖದಲ್ಲೇ ಕನ್ನಡದಲ್ಲಿ ಹೇಳಿದ. "ನಿಮ್ಮ ಇಕಾಮಾ ರಿನ್ಯೂವಲ್ಲು ನನ್ನ ಕೈಲಿದೆ, ನೆನಪಿರ್ಲಿ."

ಹವಲ್ಲಿಯ ಮನೆ, ಮಗಳ ಶಾಲೆ ಎಲ್ಲವೂ ಆ ವಾಸದ ಪರವಾನಗಿಗೆ ಜೋತುಬಿದ್ದಿದ್ದವು. ಆದರೂ ಗುಂಡಿ ಒತ್ತಿದಳು. ಈ ಸಲ ಎದ್ದದ್ದು ಬೂದು ನೊರೆ, ಹೊಳಪೇ ಇಲ್ಲ.

"ಇದು ಸಮುದ್ರದ ನೀರಿನದು. ನೀವು ಇದನ್ನೇ ನಂಬಬೇಕು," ಎಂದಳು ಮುತ್ತಲಿಬನಿಗೆ.

ಅವನು ಬಗ್ಗಿ ನೋಡಿದ. ಈಗ ಸಿಟ್ಟಾಗುತ್ತಾನೆ ಎಂದುಕೊಂಡಳು. ಅವನು ನಕ್ಕ.

"ಮೇಡಂ, ನಮ್ಮ ದೊಡ್ಡವರು ಎಷ್ಟು ಬರುತ್ತದೆಂದು ಆಗಲೇ ಎಲ್ಲರಿಗೂ ಹೇಳಿಯಾಗಿದೆ. ಖಲಾಸ್. ಮೊದಲಿನದನ್ನೇ ಮತ್ತೊಮ್ಮೆ ಮಾಡಿ, ವಿಡಿಯೊ ತೆಗೆದುಕೊಳ್ಳುತ್ತೇನೆ."

ನಿತೇಶ್ ಸಮೋಸಾದ ಪೆಟ್ಟಿಗೆಯನ್ನು ಅವನತ್ತ ಸರಿಸಿದ. ಇಬ್ಬರೂ ಒಂದೊಂದು ಎತ್ತಿಕೊಂಡರು. ಇಷ್ಟು ದಿನ ವೆಲಿಟಾಳಿಗೆ ಒಬ್ಬನನ್ನು ಕಂಡರೆ ಹೇಸಿಗೆಯಿತ್ತು. ಈಗ ಆ ಕೋಣೆಯ ಗಾಳಿಯೇ ಬೇಡವೆನಿಸಿತು.

"ರಿಪೋರ್ಟಲ್ಲಿ ನನ್ನ ಹೆಸರು ಹಾಕ್ಬೇಡಿ ಸರ್."

"ಹಾಗಾದ್ರೆ ಇಲ್ಲಿ ನಿಮಗೇನ್ ಕೆಲಸ?" ಎಂದ ನಿತೇಶ್.

"ಎಂತದ್ದೂ ಇಲ್ಲ. ಹಾಗೇ ಬರೀರಿ," ಎಂದು ಕೋಟು ಕಳಚಿಟ್ಟು ಹೊರಬಂದಳು. ಹಿಂದೆ ಯಂತ್ರ ಮತ್ತೆ ಶುರುವಾಯಿತು.

ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಎದುರಿನ ಲೇಬರ್ ಕ್ಯಾಂಪಿನ ಹಗ್ಗದ ಬಳಿ ಒಬ್ಬಾತ ಒಗೆದ ಬಿಳಿ ಹಾಸನ್ನು ಕೊಡವಿ ಹರವಿದ. ಬಂದರಿನ ಕಡೆಯಿಂದ ಗಾಳಿ ಬೀಸಿ ಹಾಸಿನ ಮೇಲೆ ಕಪ್ಪು ಧೂಳು ಕೂತಿತು. ಅವನು ಅದನ್ನು ಇಳಿಸಿ, ಮಡಚಿ, ಮತ್ತೆ ನಲ್ಲಿಯತ್ತ ನಡೆದ.