ಐದನೇ ನಂಬರಿನ ವರದಿ

ಆ ಬೇಸಿಗೆಯಲ್ಲಿ ನನ್ನನ್ನು ದಿನಕ್ಕೊಂದು ಪ್ರಶ್ನೆ ಕೇಳುವ ಮನುಷ್ಯ ಒಬ್ಬನೇ ಇದ್ದ. ಅವನ ಹೆಸರು ಇವೋ. ಯಾವ ದೇಶದವನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ಪತ್ರಗಳ ತಲೆಯ ಮೇಲಿನ ಗಂಟೆ ನಮ್ಮ ಔರಾದದ ಗಂಟೆಗಿಂತ ಮೂರೂವರೆ ತಾಸು ಹಿಂದಿರುತ್ತಿತ್ತು. ನಾನು ಮಧ್ಯಾಹ್ನದ ರೊಟ್ಟಿ ತಿನ್ನುವಾಗ ಅವನು ಬೆಳಗಿನ ಚಹಾ ಕುಡಿಯುತ್ತಿರಬೇಕು ಎಂದುಕೊಳ್ಳುತ್ತಿದ್ದೆ. ಅವನು ಕೇಳುತ್ತಿದ್ದುದು ನನ್ನ ವಿಷಯವಲ್ಲ, ಐದನೇ ನಂಬರಿನ ಕಂಪ್ಯೂಟರಿನ ವಿಷಯ. ಆದರೂ ಕೇಳುತ್ತಿದ್ದನಲ್ಲ.

ಅದು ಎರಡು ಸಾವಿರದ ಹದಿನಾರು. ಮಳೆ ಕೈಕೊಟ್ಟು ಎರಡನೇ ವರ್ಷ. ನಮ್ಮ ಓಣಿಯ ಹನ್ನೊಂದು ಬಾಗಿಲುಗಳಲ್ಲಿ ಏಳಕ್ಕೆ ಬೀಗ ಬಿದ್ದಿತ್ತು. ನನ್ನ ಅಕ್ಕ ಮರಿಯಮಬೀ ಸಂಸಾರ ಕಟ್ಟಿಕೊಂಡು ಹೈದರಾಬಾದಿಗೆ ಹೋದಳು. ನನ್ನನ್ನೂ ಕರೆದಳು. ನಾನು ಹೋಗಲಿಲ್ಲ. ಮೂವತ್ತಾರು ವರ್ಷದ ಮದುವೆಯಾಗದ ತಂಗಿ ಇನ್ನೊಬ್ಬರ ಒಂದು ಕೋಣೆಯ ಮನೆಯಲ್ಲಿ ಎಲ್ಲಿ ಮಲಗಬೇಕು? ಕಂಪ್ಯೂಟರ್ ಕೇಂದ್ರದ ಕೀಲಿ ನನ್ನ ಹತ್ತಿರವಿದೆ ಎಂದು ನೆವ ಹೇಳಿದೆ.

ಭಾಲ್ಕಿಯ ಒಂದು ಟ್ರಸ್ಟಿನವರು ಔರಾದದಲ್ಲಿ ಕಂಪ್ಯೂಟರ್ ಕೇಂದ್ರ ತೆರೆದು ನನ್ನನ್ನು ಶಿಕ್ಷಕಿ ಮಾಡಿದ್ದರು. ಒಂಬತ್ತು ಯಂತ್ರಗಳು. ಎಲ್ಲವೂ ಯಾರ್ಯಾರೋ ಬಳಸಿ ಬಿಟ್ಟು ದಾನ ಕೊಟ್ಟವು; ಒಂದರ ಜಾತಕ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಬಿಟ್ಟಿ ಸಿಗುತ್ತದೆಂದು ಎಲ್ಲಕ್ಕೂ ವಿಂಡೋಸಿನ ಬದಲು ಲಿನಕ್ಸ್ ಹಾಕಿದ್ದೆವು. ಜನವರಿಯಲ್ಲಿ ನಲವತ್ತು ಮಕ್ಕಳಿದ್ದರು. ಏಪ್ರಿಲ್ ಹೊತ್ತಿಗೆ ಮೂವರು ಉಳಿದರು. ಮಿಕ್ಕವರು ಅಪ್ಪ ಅವ್ವನ ಜೊತೆ ಪುಣೆ, ಹೈದರಾಬಾದ್ ಎಂದು ದುಡಿಯಲು ಹೋಗಿದ್ದರು.

ಮಾರ್ಚಿನಲ್ಲಿ ನಾನು ಎಲ್ಲ ಯಂತ್ರಗಳಿಗೂ ಹೊಸ ಕರ್ನಲ್ ಹಾಕಿದೆ. ಯಂತ್ರಕ್ಕೂ ನಮ್ಮ ಕೆಲಸಕ್ಕೂ ನಡುವೆ ನಿಂತು ಎರಡೂ ಕಡೆಯ ಮಾತು ನಡೆಸಿಕೊಡುವ ಭಾಗ ಅದು. ಅಲ್ಲಿಂದ ಐದನೇ ನಂಬರಿಗೆ ರೋಗ ಹಿಡಿಯಿತು. ಮೊದಲು ಮೌಸ್ ಸಾಯುತ್ತಿತ್ತು, ಆಮೇಲೆ ಕೀಲಿಮಣೆ, ಕೊನೆಗೆ ಇಡೀ ಯಂತ್ರ ಕಲ್ಲಾಗುತ್ತಿತ್ತು. ದಾಖಲೆಯಲ್ಲಿ ಪ್ರತಿಸಲ ಅದೇ ಸಾಲು: ಸಾಧನ ಉತ್ತರಿಸುತ್ತಿಲ್ಲ, ದೋಷ ಮೈನಸ್ ಎಪ್ಪತ್ತೊಂದು. ಉಳಿದ ಎಂಟು ಯಂತ್ರಗಳಿಗೆ ಏನೂ ಆಗಲಿಲ್ಲ. ಕೂರಿಸಲು ಮಕ್ಕಳೇ ಇಲ್ಲದಾಗ ಒಂದು ಯಂತ್ರ ಕೆಟ್ಟರೆ ಯಾರಿಗೇನು? ಆದರೆ ನನ್ನದು ಸುಮ್ಮನೆ ಬಿಡುವ ಸ್ವಭಾವವಲ್ಲ. ಕರ್ನಲ್ ಬರೆಯುವವರ ಜಾಲತಾಣಕ್ಕೆ ಹೋಗಿ, ಹೊಸ ಕರ್ನಲ್ಲಿನಿಂದ ನನ್ನ ಯಂತ್ರ ಕೆಟ್ಟಿದೆ ಎಂದು ವರದಿ ಬರೆದೆ. ಮೂರನೇ ದಿನ ಅವರಲ್ಲೊಬ್ಬನಾದ ಇವೋನ ಉತ್ತರ ಬಂತು.

ಅವನಂತೆ ಪ್ರಶ್ನೆ ಕೇಳುವವರನ್ನು ನಾನು ಕಂಡಿರಲಿಲ್ಲ. ಮದರ್‌ಬೋರ್ಡು ಯಾವುದು, ಅದರ ಮೇಲಿನ ಯುಎಸ್‌ಬಿ ಚಿಪ್ಪಿನ ನಂಬರೇನು, ಬೇರೆ ಮೌಸ್ ಹಾಕಿದರೆ ಏನಾಗುತ್ತದೆ, ಯಂತ್ರ ಎಷ್ಟು ಬಿಸಿಯಾಗಿರುತ್ತದೆ. ವಿದ್ಯುತ್ ಸರಿಯಿದೆಯೇ ಎಂದೂ ಒಮ್ಮೆ ಕೇಳಿದ. ಅದನ್ನು ಓದಿ ನನಗೆ ಮೂಗಿನ ತುದಿಗೆ ಸಿಟ್ಟು ಬಂತು. ನಮ್ಮ ಕಡೆಯ ಕರೆಂಟಿನ ಬಗ್ಗೆ ಕೇಳುವವರೆಲ್ಲ ನಗುವುದಕ್ಕೇ ಕೇಳುತ್ತಾರೆ. ಮೀಟರ್ ಹಿಡಿದು ಅಳೆದು, ಇನ್ನೂರ ಮೂವತ್ತು ಇದೆ, ಸಂಪೂರ್ಣ ಸರಿಯಿದೆ ಎಂದು ಬರೆದೆ. ಸುಳ್ಳಲ್ಲ. ಆದರೆ ಅಳೆದದ್ದು ಎರಡು ತಂತಿ. ಮೂರನೆಯದನ್ನು ಅಳೆಯುವುದು ಹೊಳೆಯಲೇ ಇಲ್ಲ.

ಇನ್ನೊಂದನ್ನೂ ಬರೆಯಲಿಲ್ಲ. ಐದನೇ ನಂಬರಿನ ತಗಡಿನ ಡಬ್ಬಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ನಮ್ಮಲ್ಲಿ ಜುಮ್ಮೆನ್ನದ ಡಬ್ಬಿ ಯಾವುದಿದೆ? ಚಪ್ಪಲಿ ಬಿಡಬ್ಯಾಡ್ರಿ ಎಂದು ಮಕ್ಕಳಿಗೆ ಹೇಳಿದರೆ ಮುಗಿಯಿತು.

ಇವೋ ಹೇಳಿದಂತೆ ಆ ಯಂತ್ರವನ್ನು ಬೇರೆ ಕಡೆಯೂ ನಡೆಸಿ ನೋಡಿದೆ. ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೀದರಿಗೆ ಒಯ್ದೆ. ಚೌಬಾರಾದ ಹತ್ತಿರ ಹಳೇ ಕಂಪ್ಯೂಟರ್ ರಿಪೇರಿ ಮಾಡುವ ಮುನೀರೋದ್ದೀನ್ ಭಾಯಿಯ ಅಂಗಡಿಯಲ್ಲಿ ಅದು ಇಡೀ ದಿನ ಮಗುವಿನಂತೆ ನಡೆಯಿತು. ಇದಕ್ಕೇನಾಗಿದೆ ಆಪಾ, ನಿಮಗಿಂತ ಗಟ್ಟಿಯಾಗಿದೆ ಎಂದು ಭಾಯಿ ದಖನಿ ಉರ್ದುವಿನಲ್ಲಿ ಹೇಳಿ ನಕ್ಕರು. ಮೈ ಉರಿಯಿತು. ಔರಾದಕ್ಕೆ ತಂದ ಮರುದಿನ ಮಧ್ಯಾಹ್ನ ಅದು ಮತ್ತೆ ಕಲ್ಲಾಯಿತು. ಬಂದು ಹೋಗುವ ದೋಷಕ್ಕೆ ಒಂದು ದಿನದ ಸಾಕ್ಷಿ ಸಾಲದು ಎಂದು ಇವೋ ಬರೆದ.

ಆಮೇಲೆ ಅವನು ದೊಡ್ಡ ಕೆಲಸ ಹೇಳಿದ. ಹಳೆಯ ಕರ್ನಲ್ಲಿಗೂ ಹೊಸದಕ್ಕೂ ನಡುವೆ ಸಾವಿರಾರು ಬದಲಾವಣೆಗಳಿರುತ್ತವೆ. ನಟ್ಟನಡುವಿನ ಬದಲಾವಣೆಯವರೆಗಿನ ಕರ್ನಲ್ಲನ್ನು ಕಟ್ಟಿ ಪರೀಕ್ಷಿಸಬೇಕು. ಕೆಟ್ಟರೆ ತಪ್ಪು ಹಿಂದಿನ ಅರ್ಧದಲ್ಲಿದೆ, ಕೆಡದಿದ್ದರೆ ಮುಂದಿನ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಹದಿಮೂರನೇ ಸಲಕ್ಕೆ ಒಂದೇ ಒಂದು ಬದಲಾವಣೆ ಕೈಗೆ ಸಿಗುತ್ತದೆ. ನಮ್ಮ ಯಂತ್ರದಲ್ಲಿ ಒಂದು ಸಲ ಕಟ್ಟಲು ಏಳು ತಾಸು, ನಡುವೆ ಕರೆಂಟು ಹೋದರೆ ಮತ್ತೆ ಕೂರಬೇಕು. ಇಪ್ಪತ್ತು ದಿನ ಹಿಡಿಯಿತು. ನಿಜ ಹೇಳುತ್ತೇನೆ, ಆ ಇಪ್ಪತ್ತು ದಿನ ನಾನು ಸುಖವಾಗಿದ್ದೆ. ಇಂದು ಎಂಟನೆಯದು ಕೆಟ್ಟಿತು ಎಂದು ನಾನು ಬರೆಯುವುದು, ಚೆನ್ನಾಗಿ ಮಾಡಿದಿರಿ, ಮುಂದುವರಿಸಿ ಎಂದು ಅವನು ಬರೆಯುವುದು. ಚೆನ್ನಾಗಿ ಮಾಡಿದಿರಿ ಎಂದು ನನಗೆ ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ.

ಹದಿಮೂರನೆಯ ಸಲ ಸಿಕ್ಕಿದ್ದು ಡಾರಿಯೊ ಎಂಬ ಹುಡುಗನ ಬದಲಾವಣೆ. ಅವನೂ ಒಂದು ಪತ್ರ ಬರೆದ. ಕರ್ನಲ್ಲಿಗೆ ಸೇರಿದ ನನ್ನ ಮೊದಲ ಕೆಲಸ ಅದು, ಅದರಿಂದ ಬೇರೆ ಕೆಲವರ ಯಂತ್ರ ಸರಿಯಾಗಿದೆ, ಆದರೆ ನಿಮ್ಮ ಯಂತ್ರ ಕೆಟ್ಟಿದ್ದರೆ ತೆಗೆದುಹಾಕಲಿ, ತೊಂದರೆಗೆ ಕ್ಷಮಿಸಿ ಎಂದು. ಇವೋ ಬರೆದ: ಸೋಮವಾರ ಈ ಬದಲಾವಣೆಯನ್ನು ತೆಗೆಯುತ್ತೇನೆ, ತೆಗೆದ ದಾಖಲೆಯ ಕೆಳಗೆ 'ವರದಿ ಮಾಡಿದವರು ಸಕೀನಾ, ಔರಾದ' ಎಂದಿರುತ್ತದೆ.

ಆ ಹೆಸರು ಅಲ್ಲಿಂದ ಅಳಿಯುವುದಿಲ್ಲ. ಲೋಕದ ತುಂಬ ಕೋಟಿಗಟ್ಟಲೆ ಯಂತ್ರಗಳನ್ನು ನಡೆಸುವ ಬರಹದ ಚರಿತ್ರೆಯಲ್ಲಿ ನನ್ನ ಹೆಸರು, ನನ್ನ ಊರು. ಭಾಲ್ಕಿಗೆ ಫೋನ್ ಮಾಡಿ ಟ್ರಸ್ಟಿನ ಕಾರ್ಯದರ್ಶಿ ಗೋರಖನಾಥ ಸರ್‌ಗೆ ಹೇಳಿದೆ.

"ಛಲೋ ಆಯ್ತು ಬಿಡ್ರಿ ಮೇಡಂ. ಅದಕ್ಕ ಸರ್ಟಿಫಿಕೇಟ್ ಕೊಡ್ತಾರೇನ್ರಿ?" ಎಂದರು.

ಕೊಡುವುದಿಲ್ಲ ಎಂದು ಫೋನ್ ಇಟ್ಟೆ.

ಆ ಗುರುವಾರ ಜಿಜಾಬಾಯಿ ಮೌಶಿ ಬಂದರು. ಕೇಂದ್ರದ ಕಸ ಹೊಡೆದು ನೆಲ ಒರೆಸುತ್ತಿದ್ದವರು. ಮಾರ್ಚಿನಿಂದ ಟ್ಯಾಂಕರ್ ನೀರಾದ ಮೇಲೆ ಒರೆಸುವುದು ನಿಂತಿತ್ತು, ಬರೀ ಕಸ ಹೊಡೆಯುತ್ತಿದ್ದರು. ಅಂದು ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ನೀರು ಇತ್ತು.

"ಇದೇನ್ ಮೌಶಿ, ನೀರ್ ಯಾಕ ತಂದ್ರಿ?"

"ನಾಳಿ ಭಾತಂಬ್ರಾಕ್ಕ ಹೋಗ್ತೇನ್ರಿ ಮೇಡಂ, ಮಗಳ ಮನಿಗಿ. ಅಲ್ಲಿಂದ ಎಲ್ಲಾರೂ ಪುಣಾ ಕಡಿ. ಹೋಗೋ ಮುಂದ ಒಂದ್ಸಲ ನೆಲ ವರ್ಸಿ ಹೋಗ್ಬೇಕಂತ ಮನಸ್ಸಾಯ್ತು. ಮನ್ಯಾಂದ ಉಳಿಸಿ ತಂದೀನಿ."

ಬೇಡವೆಂದರೂ ಕೇಳಲಿಲ್ಲ. ಒಂಬತ್ತೂ ಮೇಜಿನ ಕೆಳಗೆ ಬಗ್ಗಿ ಬಗ್ಗಿ ಒರೆಸಿದರು. ಒರೆಸಿದ ನೀರನ್ನು ಬಕೀಟಿನಲ್ಲಿ ಹೊತ್ತು ಕಟ್ಟಡದ ಹಿಂದಕ್ಕೆ ಹೋಗಿ ಗೋಡೆಯ ಬುಡದ ಗುಂಡಿಗೆ ಸುರಿದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಹೇಳಿದರು: "ವರ್ಸಿದ ನೀರ್ ಇಲ್ಲೇ ಹಾಕ್ರಿ ಮೇಡಂ. ಕರೆಂಟಿಗೂ ನೀರಡಕಿ ಆಗ್ತದಂತ ಆ ವೈರ್‌ಮನ್ ಹೇಳಿ ಹೋಗ್ಯಾನ. ಇಷ್ಟ್ ವರ್ಷ ದಿನಾ ಹಾಕೀನಿ. ಈಗ ಎರಡ್ ತಿಂಗಳಾಯ್ತು ನೋಡ್ರಿ, ಬಿಟ್ಟೇಬಿಟ್ಟೀನಿ."

ನಾನು ಹೂಂ ಅಂದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರು ನನ್ನ ಕೆನ್ನೆ ಸವರಿ ಲಟಿಕೆ ಮುರಿದು ಹೋದರು. ಬಾಗಿಲ ತನಕವೂ ನಾನು ಕಳಿಸಲಿಲ್ಲ. ಇವೋನಿಗೆ ಪತ್ರ ಬರೆಯುವುದಿತ್ತು.

ಅಂದು ಮಧ್ಯಾಹ್ನ ಐದನೇ ನಂಬರು ಕೆಡಲಿಲ್ಲ. ಶುಕ್ರವಾರವೂ ಕೆಡಲಿಲ್ಲ. ಅದರಲ್ಲಿ ಇದ್ದದ್ದು ಕೆಟ್ಟದ್ದೆಂದು ನಾವು ತೀರ್ಪು ಕೊಟ್ಟಿದ್ದ ಅದೇ ಕರ್ನಲ್. ಡಬ್ಬಿಯ ಮೇಲೆ ಕೈಯಿಟ್ಟೆ. ಜುಮ್ಮೆನ್ನಲಿಲ್ಲ. ಆಗ ಮೌಶಿಯ ಮಾತು ತಲೆಗೆ ಹೋಯಿತು.

ಅವರು ನೀರು ಸುರಿದದ್ದು ಅರ್ಥಿಂಗಿನ ಗುಂಡಿಗೆ. ಉಪ್ಪು ಇದ್ದಿಲು ತುಂಬಿ, ಕಟ್ಟಡದ ಮೂರನೇ ತಂತಿಯನ್ನು ಅದರೊಳಗೆ ಇಳಿಬಿಟ್ಟಿರುತ್ತಾರೆ. ಬೇಡದ ಕರೆಂಟು ನೆಲ ಸೇರುವ ದಾರಿ ಅದು, ನೆಲ ಹಸಿಯಾಗಿದ್ದರೆ ಮಾತ್ರ ತೆರೆದಿರುವ ದಾರಿ. ಪಕ್ಕದ ಹಿಟ್ಟಿನ ಗಿರಣಿ ಮಧ್ಯಾಹ್ನ ನಡೆಯುತ್ತದೆ. ಅದರ ಮೋಟರಿನ ಹೊಡೆತ ತಂತಿಗಳಲ್ಲಿ ಬಂದು, ಇಳಿಯಲು ಜಾಗವಿಲ್ಲದೆ, ಮೊದಲ ಸಾಲಿನ ಕೊನೆಯಲ್ಲಿದ್ದ ಐದನೇ ನಂಬರಿನ ಮೈಯಲ್ಲಿ ಅಲೆಯುತ್ತಿತ್ತು. ಹದಿಮೂರು ಪರೀಕ್ಷೆಗಳಲ್ಲಿ ನಾನು ಬೆಳಿಗ್ಗೆ ಮಾಡಿದವೆಲ್ಲ ಒಳ್ಳೆಯವು, ಮಧ್ಯಾಹ್ನ ಮಾಡಿದವೆಲ್ಲ ಕೆಟ್ಟವು. ಇಪ್ಪತ್ತು ದಿನ ನಾನು ಪರೀಕ್ಷಿಸಿದ್ದು ಗಿರಣಿಯನ್ನು. ಹೊಸ ಕರ್ನಲ್ ಹಾಕಿದ ವಾರವೇ ಮೌಶಿ ನೆಲ ಒರೆಸುವುದು ನಿಂತಿತ್ತು.

ಶನಿವಾರ ಮೂರು ಗಂಟೆಗೆ ಯಂತ್ರ ಮತ್ತೆ ಕಲ್ಲಾಯಿತು. ಮೇ ತಿಂಗಳ ಬಿಸಿಲಿಗೆ ಒಂದು ಬಕೀಟು ನೀರು ಎಷ್ಟು ಹೊತ್ತು? ಡಬ್ಬಿ ಮುಟ್ಟಿದೆ, ಜುಮ್ಮೆಂದಿತು. ಇನ್ನೊಮ್ಮೆ ನೀರು ಹಾಕಿ ನೋಡದೆ ಖಚಿತವಾಗಿ ಏನೂ ಹೇಳುವಂತಿರಲಿಲ್ಲ. ಇದನ್ನೂ ಇವೋನೇ ಕಲಿಸಿದ್ದ.

ಭಾನುವಾರ ಟ್ಯಾಂಕರ್ ಬಂತು. ಮೂರು ದಿನಕ್ಕೊಮ್ಮೆ ಮನೆಗೆ ನಾಲ್ಕು ಕೊಡ. ಎರಡನ್ನು ಹೊತ್ತುಕೊಂಡು ಹೋಗಿ, ಸಾಲಿನಲ್ಲಿ ನಿಂತ ಹೆಂಗಸರ ಕಣ್ಣೆದುರೇ ಗುಂಡಿಗೆ ಸುರಿದೆ. ಎದುರು ಮನೆಯ ಕಾಂತಾಬಾಯಿ ಕೊಡ ಕೆಳಗಿಟ್ಟು ಹತ್ತಿರ ಬಂದರು.

"ಕುಡಿಯೋ ನೀರ್ ಮಣ್ಣಾಗ ಹಾಕ್ಲತ್ತೀರಿ. ತಲಿ ಸರಿ ಅದಾ ಇಲ್ಲ ಮೇಡಂ?"

"ಪರೀಕ್ಷಾ ಮಾಡ್ಲತ್ತೀನ್ರಿ."

"ಸಾಲ್ಯಾಗ ಮಕ್ಕಳೇ ಇಲ್ಲ. ಯಾರಿಗಿ ಪರೀಕ್ಷಾ?"

ನಾಚಿಕೆಯಿಂದ ಕಿವಿ ಕಾದಿತ್ತು. ಒಳಗೆ ಬಂದು ಐದನೇ ನಂಬರಿನ ಮುಂದೆ ಕುಳಿತೆ. ಗಿರಣಿ ಶುರುವಾಯಿತು, ನಡೆಯಿತು, ನಿಂತಿತು. ಯಂತ್ರ ಒಮ್ಮೆಯೂ ತಪ್ಪಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಗುಂಡಿ ಒಣಗಿದ್ದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರು, ಅವರಲ್ಲಿ ಒಬ್ಬರು ಊರು ಬಿಟ್ಟಿದ್ದರು. ಸೋಮವಾರ ನನ್ನ ಹೆಸರು ಸೇರುತ್ತಿತ್ತು, ಇವೋ ಇನ್ನಷ್ಟು ಪ್ರಶ್ನೆ ಕೇಳುತ್ತಿದ್ದ. ಡಾರಿಯೊನ ಬದಲಾವಣೆ ಹೋಗುತ್ತಿತ್ತು, ಅಷ್ಟೇ. ಅವನು ಯಾರೋ, ನಾನು ಯಾರೋ. ಇದನ್ನೆಲ್ಲ ಒಂದು ತಾಸು ಯೋಚಿಸಿದೆ, ಮುಚ್ಚಿಡುವುದಿಲ್ಲ. ಆದರೆ ಕ್ಷಮಿಸಿ ಎಂದು ಬರೆದಿದ್ದನಲ್ಲ ಆ ಹುಡುಗ, ಮಾಡದ ತಪ್ಪಿಗೆ.

ಬರೆದೆ. ತಪ್ಪು ನಿಮ್ಮ ಕರ್ನಲ್ಲಿನದಲ್ಲ, ನಮ್ಮ ಅರ್ಥಿಂಗಿನದು. ಇಲ್ಲಿ ಮಳೆಯಿಲ್ಲ, ಗುಂಡಿ ಒಣಗಿದೆ. ಡಬ್ಬಿ ಜುಮ್ಮೆನ್ನುವುದನ್ನು ನಾನು ಬರೆಯಬೇಕಿತ್ತು, ಬರೆಯಲಿಲ್ಲ. ಡಾರಿಯೊನ ಬದಲಾವಣೆ ತೆಗೆಯಬೇಡಿ. ಕಾರಣ ಕಂಡುಹಿಡಿದವರು ಜಿಜಾಬಾಯಿ, ನಮ್ಮ ಕೇಂದ್ರದ ನೆಲ ಒರೆಸುವವರು. ಕಳಿಸುವ ಗುಂಡಿ ಒತ್ತಿ ಅತ್ತೆ.

ಸೋಮವಾರ ಮಧ್ಯಾಹ್ನ ಇವೋನ ಉತ್ತರ ಬಂತು. ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಸಂತೋಷ, ಬದಲಾವಣೆ ಹಾಗೇ ಇರುತ್ತದೆ, ವರದಿಯನ್ನು ಮುಚ್ಚುತ್ತಿದ್ದೇನೆ. ಜಿಜಾಬಾಯಿಯವರಿಗೆ ನನ್ನ ಧನ್ಯವಾದ ಹೇಳಿ. ಅಷ್ಟೇ. ವರದಿಯ ತಲೆಯ ಮೇಲೆ 'ಅಸಿಂಧು' ಎಂಬ ಮುದ್ರೆ ಬಿದ್ದಿತ್ತು. ನಿಯಮದ ಪ್ರಕಾರ ಅದೇ ಸರಿಯಾದ ಶಬ್ದ, ನನಗೆ ಗೊತ್ತಿತ್ತು. ಆದರೂ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ.

ಮರುದಿನ ಭಾಲ್ಕಿಗೆ ಹೋಗಿ, ಅಲ್ಲಿಂದ ಜೀಪು ಹಿಡಿದು ಭಾತಂಬ್ರಾಕ್ಕೆ ಹೋದೆ. ಮೌಶಿಯ ಹತ್ತಿರ ಫೋನ್ ಇರಲಿಲ್ಲ. ಧನ್ಯವಾದ ನಾನೂ ಹೇಳುವುದಿತ್ತು, ಬಾಗಿಲ ತನಕ ಕಳಿಸದೆ ಇದ್ದುದಕ್ಕೆ ಇನ್ನೊಂದು ಮಾತೂ ಇತ್ತು. ಕೇಳಿಕೊಂಡು ಮಗಳ ಮನೆ ಹುಡುಕಿದರೆ ಬೀಗ. ಪಕ್ಕದ ಕಟ್ಟೆಯ ಮೇಲೆ ಧೊಂಡಿಬಾ ಎಂಬ ಮುದುಕರು ಕುಳಿತಿದ್ದರು.

"ನಿನ್ನಿ ಹೋದ್ರವ್ವಾ, ಲಾರಿ ಬಂದಿತ್ತು."

"ಪುಣಾದಾಗ ಎಲ್ಲಿ ಇರ್ತಾರಂತ ಹೇಳ್ಯಾರೇನ್ರಿ ಕಾಕಾ?"

"ಅವರಿಗೇ ಗೊತ್ತಿಲ್ಲ. ಲಾರಿ ಎಲ್ಲಿ ಇಳಸ್ತದೋ ಅಲ್ಲಿ."

ಔರಾದಕ್ಕೆ ಮರಳಿ ಬಾಗಿಲು ತೆರೆದಾಗ ಡಾರಿಯೊನ ಪತ್ರ ಕಾದಿತ್ತು. ನನ್ನ ಕೆಲಸ ಉಳಿಯಿತು, ಜಿಜಾಬಾಯಿಯವರಿಗೆ ನನ್ನ ಧನ್ಯವಾದವನ್ನೂ ಹೇಳಿ ಎಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲು: ಇಷ್ಟರಲ್ಲಿ ಹೇಳಿರುತ್ತೀರಿ, ಅವರು ಏನಂದರು?

ಮನೆಯಲ್ಲಿ ಉಳಿದಿದ್ದ ಅರ್ಧ ಕೊಡ ತಂದೆ. ಐದನೇ ನಂಬರಿನ ಕೆಳಗಿನ ನೆಲವನ್ನು ಒರೆಸಿ, ಆ ನೀರನ್ನು ಗುಂಡಿಗೆ ಸುರಿದು ಬಂದು ಕುಳಿತೆ. ಹೇಳಿದೆ, ಎಂದು ಬರೆದೆ. ನಕ್ಕರು, ಇಷ್ಟಕ್ಕೆಲ್ಲ ಯಾಕೆ ಎಂದರು, ಇನ್ನೂ ಒರೆಸುವುದಿದೆ ಎಂದು ಕೆಲಸಕ್ಕೆ ಹೋದರು.

ಆ ವರದಿಯಲ್ಲಿ ನಾನು ಬರೆದ ಸುಳ್ಳು ಅದೊಂದೇ.